ಬೆಳಕು ಕಾಣಲು ಬೇಕಾದ ಕಪ್ಪು

ನಮ್ಮ ಭಾಷೆಯಲ್ಲಿ ಕಪ್ಪಿಗೆ ಒಳ್ಳೆಯ ಹೆಸರಿಲ್ಲ. ತೆರಿಗೆ ತಪ್ಪಿಸಿ ಕೂಡಿಟ್ಟದ್ದು ಕಪ್ಪುಹಣ. ದೂರವಿಡಬೇಕಾದವರ ಹೆಸರು ಸೇರುವುದು ಕಪ್ಪುಪಟ್ಟಿಗೆ. ಪ್ರತಿಭಟನೆಗೆ ಕಪ್ಪುಬಾವುಟ, ಅವಮಾನಕ್ಕೆ ಮುಖಕ್ಕೆ ಬಳಿಯುವ ಮಸಿ. ಇಂಥ ಕಪ್ಪನ್ನು ಇನ್ನಷ್ಟು ಕಪ್ಪಾಗಿಸಲು ಜಗತ್ತಿನ ಹೆಸರಾಂತ ಪ್ರಯೋಗಾಲಯಗಳು ಎರಡು ದಶಕಗಳಿಂದ ಪೈಪೋಟಿಗೆ ಬಿದ್ದಿವೆ ಎಂದರೆ ಯಾರಿಗಾದರೂ ಸೋಜಿಗವಾದೀತು.

ಆ ಪೈಪೋಟಿಯ ಅಂಕಿಗಳು ಹೀಗಿವೆ. 2008ರಲ್ಲಿ ಅಮೆರಿಕದ ರೆನ್ಸೆಲೇರ್ ಮತ್ತು ರೈಸ್ ಸಂಸ್ಥೆಗಳ ವಿಜ್ಞಾನಿಗಳು ತಮ್ಮ ಮೇಲೆ ಬಿದ್ದ ಬೆಳಕಿನಲ್ಲಿ ಶೇ 0.045ರಷ್ಟನ್ನು ಮಾತ್ರ ಹಿಂದಿರುಗಿಸುವ ಪದರವೊಂದನ್ನು ಬೆಳೆಸಿದರು. ಕೇರಳದಲ್ಲಿ ಹುಟ್ಟಿದ ಪುಲಿಕ್ಕಲ್ ಅಜಯನ್ ಆ ತಂಡದ ಪ್ರಮುಖರಲ್ಲೊಬ್ಬರು. 2014ರಲ್ಲಿ ಬ್ರಿಟನ್ನಿನ ಸರ್ರೆ ನ್ಯಾನೊಸಿಸ್ಟಮ್ಸ್ ಕಂಪನಿ ‘ವಾಂಟಾಬ್ಲ್ಯಾಕ್’ ಎಂಬ ಲೇಪನವನ್ನು ಪ್ರಕಟಿಸಿತು. ಅದು ಹೀರಿಕೊಳ್ಳುವ ಬೆಳಕಿನ ಪ್ರಮಾಣ ಶೇ 99.965. 2019ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯವರು ಅದನ್ನು ಶೇ 99.995ಕ್ಕೆ ಮುಟ್ಟಿಸಿದರು. ಪ್ರತಿ ಬಾರಿಯೂ ಪತ್ರಿಕೆಗಳಲ್ಲಿ ‘ಜಗತ್ತಿನ ಅತ್ಯಂತ ಕಪ್ಪು ವಸ್ತು’ ಎಂಬ ತಲೆಬರಹ ಬಂದಿತು. ಆದರೆ ದಾಖಲೆಯ ಈ ಲೆಕ್ಕ ಹೆಚ್ಚು ಮುಖ್ಯವಾದ ಪ್ರಶ್ನೆಯೊಂದನ್ನು ಮರೆಮಾಡುತ್ತದೆ ಎಂದು ನನಗನ್ನಿಸಿದೆ. ಒಂದು ವಸ್ತು ಎಷ್ಟು ಕಪ್ಪು ಎನ್ನುವುದಕ್ಕಿಂತ ಅದು ಯಾವ ಕೆಲಸಕ್ಕಾಗಿ ಕಪ್ಪು ಎಂದು ಕೇಳಬೇಕಾಗಿದೆ. ಈ ಪ್ರಶ್ನೆಗೆ ಉತ್ತರಗಳು ಹಾಸನ ಜಿಲ್ಲೆಯಲ್ಲಿ, ಬೆಂಗಳೂರಿನ ಪ್ರಯೋಗಾಲಯಗಳಲ್ಲಿ, ನಮ್ಮ ಮನೆಗಳ ತಾರಸಿಗಳ ಮೇಲೆ ಕೂಡ ದೊರೆಯುತ್ತವೆ.

ಮೊದಲು ಕಪ್ಪು ಎಂದರೇನೆಂದು ನೋಡೋಣ. ನಾನು ಬೆಳೆದ ಹೊಳೆನರಸೀಪುರದ ಬೀದಿಯಲ್ಲಿ ಹಳೆಯ ಮನೆಗಳಿಗೆ ಸಣ್ಣ ಕಿಟಕಿಗಳಿದ್ದವು. ಒಳಗಿನ ಗೋಡೆಗಳಿಗೆಲ್ಲ ಸುಣ್ಣ ಬಳಿದಿರುತ್ತಿತ್ತು. ಆದರೂ ನಡುಹಗಲಲ್ಲಿ ಬೀದಿಯಲ್ಲಿ ನಿಂತು ನೋಡಿದರೆ ಆ ಕಿಟಕಿಗಳು ಕಪ್ಪು ಚೌಕಗಳಾಗಿಯೇ ಕಾಣುತ್ತಿದ್ದವು. ಕಿಟಕಿಯಿಂದ ಒಳಹೊಕ್ಕ ಬೆಳಕು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ, ಅಲ್ಲಿಂದ ನೆಲಕ್ಕೆ, ಸೂರಿಗೆ ಬಡಿಯುತ್ತ ಪ್ರತಿ ಬಡಿತಕ್ಕೂ ಸ್ವಲ್ಪಸ್ವಲ್ಪ ಕರಗಿಹೋಗುತ್ತದೆ. ಮತ್ತೆ ಅದೇ ಸಣ್ಣ ಕಿಟಕಿಯನ್ನು ಹುಡುಕಿಕೊಂಡು ಹೊರಬರುವ ಪಾಲು ಬಹಳ ಕಡಿಮೆ. ಸುಣ್ಣದ ಬಿಳಿಯೂ ಹೀಗೆ ಕಪ್ಪಾಗಿ ಕಾಣಬಲ್ಲದು. 1860ರ ಸುಮಾರಿಗೆ ಜರ್ಮನಿಯ ಕಿರ್ಖಾಫ್ ‘ಕೃಷ್ಣಕಾಯ’ವೆಂಬ ಕಲ್ಪನೆಯನ್ನು ಮುಂದಿಟ್ಟ ಮೇಲೆ ಭೌತವಿಜ್ಞಾನಿಗಳು ಅದನ್ನು ಪ್ರಯೋಗದಲ್ಲಿ ತೋರಿಸಿದ್ದು ಇದೇ ಉಪಾಯದಿಂದ: ಮುಚ್ಚಿದ ಪೆಟ್ಟಿಗೆ, ಅದಕ್ಕೊಂದು ಸಣ್ಣ ರಂಧ್ರ. ಬೆಳಕನ್ನು ನುಂಗುವುದರಲ್ಲಿ ಬಣ್ಣದಷ್ಟೇ ಪಾತ್ರ ಆಕಾರಕ್ಕೂ ಇದೆ.

2018ರ ಆಗಸ್ಟ್‌ನಲ್ಲಿ ಪೋರ್ಚುಗಲ್ಲಿನ ಪೋರ್ಟೊ ನಗರದ ಸೆರಾಲ್ವೆಸ್ ಸಂಗ್ರಹಾಲಯದಲ್ಲಿ ನಡೆದ ಅವಘಡ ಇದಕ್ಕೆ ಸಾಕ್ಷಿ. ಮುಂಬೈಯಲ್ಲಿ ಹುಟ್ಟಿದ ಶಿಲ್ಪಿ ಅನೀಶ್ ಕಪೂರ್ 1992ರಲ್ಲಿ ರೂಪಿಸಿದ್ದ ಕಲಾಕೃತಿಯೊಂದು ಅಲ್ಲಿತ್ತು. ನೆಲದಲ್ಲಿ ಸುಮಾರು ಎರಡೂವರೆ ಮೀಟರ್ ಆಳದ ಗುಂಡಿ, ಒಳಗೆಲ್ಲ ಕಪ್ಪು ಬಣ್ಣ. ನೋಡುವವರಿಗೆ ಅದು ನೆಲಕ್ಕೆ ಬಳಿದ ಕಪ್ಪು ವೃತ್ತದಂತೆ ತೋರುತ್ತಿತ್ತು. ಸಂದರ್ಶಕರೊಬ್ಬರು ಅದರೊಳಗೆ ಬಿದ್ದು ಆಸ್ಪತ್ರೆ ಸೇರಬೇಕಾಯಿತು. ಅಲ್ಲಿ ನ್ಯಾನೊ ತಂತ್ರಜ್ಞಾನ ಇರಲಿಲ್ಲ. ಸಾಧಾರಣ ವರ್ಣದ್ರವ್ಯ ಮತ್ತು ಗುಂಡಿಯ ಆಕಾರ ಎರಡೂ ಸೇರಿ ಆಳವನ್ನು ಅಳಿಸಿಹಾಕಿದ್ದವು.

ಹೊಸ ಲೇಪನಗಳು ಮಾಡುವುದೂ ಇದನ್ನೇ, ಅತಿ ಸಣ್ಣ ಅಳತೆಯಲ್ಲಿ. ಕೂದಲೆಳೆಗಿಂತ ಸಾವಿರಾರು ಪಟ್ಟು ತೆಳುವಾದ ಇಂಗಾಲದ ಕೊಳವೆಗಳನ್ನು ಅಡಕೆ ತೋಟದ ಮರಗಳಂತೆ ಒತ್ತೊತ್ತಾಗಿ, ನೆಟ್ಟಗೆ ಬೆಳೆಸುತ್ತಾರೆ. ಮರಗಳ ನಡುವಿನ ತೆರಪಿಗೆ ಬಿದ್ದ ಬೆಳಕು ಕೊಳವೆಯಿಂದ ಕೊಳವೆಗೆ ಬಡಿಯುತ್ತ ಇಂಗಾಲದಲ್ಲಿ ಹೀರಿಹೋಗಿ ಶಾಖವಾಗುತ್ತದೆ. ಸಾಮಾನ್ಯ ಕಪ್ಪು ಪೇಂಟು ನೂರರಲ್ಲಿ ನಾಲ್ಕೈದು ಪಾಲು ಬೆಳಕನ್ನಾದರೂ ಹಿಂದಿರುಗಿಸುತ್ತದೆ. ನಾವು ಕಪ್ಪು ಕೋಟಿನ ಮಡಿಕೆಗಳನ್ನು ಕಾಣುವುದು ಇಂಥ ಹಿಂದಿರುಗಿದ ಬೆಳಕಿನಿಂದಲೇ. ಕೊಳವೆಗಳ ಈ ತೋಟ ಹತ್ತು ಸಾವಿರದಲ್ಲಿ ಮೂರು-ನಾಲ್ಕು ಪಾಲನ್ನೂ ಬಿಟ್ಟುಕೊಡದು. ಸುಕ್ಕುಗಟ್ಟಿದ ತಗಡಿನ ಮೇಲೆ ಬೆಳೆಸಿದರೆ ಸುಕ್ಕುಗಳೇ ಮಾಯವಾಗಿ ತಗಡಿನಲ್ಲಿ ರಂಧ್ರವಿದ್ದಂತೆ ತೋರುತ್ತದೆ.

ಹಾಸನ ಜಿಲ್ಲೆಯವರಿಗೆ ಇದರ ಅರ್ಥವನ್ನು ಹಳೇಬೀಡಿನ ಕಂಬಗಳು ಚೆನ್ನಾಗಿ ತಿಳಿಸಿಕೊಡುತ್ತವೆ. ಹೊಯ್ಸಳರ ಶಿಲ್ಪಿಗಳು ಆರಿಸಿಕೊಂಡದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದು, ಗಾಳಿಗೊಡ್ಡಿದಂತೆ ಗಡಸು. ತಿರುಗಣಿಯಲ್ಲಿ ಕಡೆದು, ಉಜ್ಜಿ ನುಣುಪುಗೊಳಿಸಿದ ಆ ಕಪ್ಪುಕಂಬಗಳಲ್ಲಿ ನಮ್ಮ ನೆರಳು ಕಾಣುತ್ತದೆ. ಮದನಿಕೆಯರ ಒಡವೆಯ ಒಂದೊಂದು ಮಣಿಯೂ ಎದ್ದು ತೋರುವುದು ಉಬ್ಬಿದ ಕಡೆ ಬೆಳಕು ಮಿನುಗಿ, ತಗ್ಗಿನಲ್ಲಿ ನೆರಳು ನಿಲ್ಲುವುದರಿಂದ. ಅದೇ ಶಿಲ್ಪಕ್ಕೆ ಅತಿಕಪ್ಪು ಲೇಪನ ಕೊಟ್ಟರೆ ಕಣ್ಣು, ಮೂಗು, ಒಡವೆ ಎಲ್ಲವೂ ಅಳಿಸಿ ಹೊರರೇಖೆಯಷ್ಟೇ ಉಳಿದೀತು. ಶಿಲ್ಪಿಗೆ ಬೇಕಿದ್ದದ್ದು ಬೆಳಕನ್ನು ಎಲ್ಲೆಲ್ಲಿ ಹಿಂದಿರುಗಿಸಬೇಕೆಂದು ಬಲ್ಲ ಕಪ್ಪು.

ಬಳಪಕ್ಕೂ ಕಪ್ಪಿಗೂ ನಮ್ಮಲ್ಲಿ ಇನ್ನೊಂದು ನಂಟಿದೆ. ಇಂದು ಸರ್ಕಾರಿ ಕಚೇರಿಯ ಫೈಲಿಗೆ ನಾವು ‘ಕಡತ’ ಎನ್ನುತ್ತೇವೆ. ಮೂಲದಲ್ಲಿ ಅದು ಲೇಪನ ಕೊಟ್ಟ ಬಟ್ಟೆ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಇತಿಹಾಸ ಗ್ರಂಥದಲ್ಲಿ ಅದನ್ನು ವಿವರಿಸಿದ್ದಾನೆ: ಉದ್ದನೆಯ ಹತ್ತಿಬಟ್ಟೆಯ ಎರಡೂ ಬದಿಗೆ ಅಂಟು ಮತ್ತು ಇದ್ದಿಲ ಪುಡಿಯ ಮಿಶ್ರಣ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದರು. ಅಂಟಿಗೆ ಹುಣಸೆಬೀಜದ ಸರಿ ಬಳಕೆಯಲ್ಲಿತ್ತು. ಶಾನುಭೋಗರ ಲೆಕ್ಕ, ವರ್ತಕರ ವಹಿವಾಟು, ಮಠಗಳ ದಾಖಲೆ ಎಲ್ಲವೂ ಅದರಲ್ಲಿದ್ದವು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಇಂದಿಗೂ ಆಕರ. ಇದ್ದಿಲ ಕಣಗಳ ನಡುವಿನ ಒರಟು ತೆರಪುಗಳು ಬೆಳಕನ್ನು ಹಿಡಿಯುತ್ತಿದ್ದುದರಿಂದ ಬಳಪದ ಬಿಳಿ ಗೆರೆ ಅಲ್ಲಿ ಸ್ಪಷ್ಟವಾಗಿ ಮೂಡುತ್ತಿತ್ತು. ನಮ್ಮ ಶಾಲೆಯಲ್ಲಿ ಬೇಸಿಗೆ ರಜೆಯ ಬಳಿಕ ಇದ್ದಿಲು ಅರೆದು, ಸೊಪ್ಪಿನ ರಸದಲ್ಲಿ ಕಲಸಿ ಕರಿಹಲಗೆಗೆ ಬಳಿಯುವ ಕೆಲಸ ದೊಡ್ಡ ತರಗತಿಯ ಹುಡುಗರದಾಗಿತ್ತು. ಹಲಗೆ ಹೊಳೆಯುವಂತಿದ್ದರೆ ಕಿಟಕಿಯ ಪಕ್ಕದ ಸಾಲಿನವರಿಗೆ ಅಕ್ಷರ ಕಾಣದು ಎಂಬುದು ನಮಗೆಲ್ಲ ಗೊತ್ತಿತ್ತು. ಬೇಡದ ಬೆಳಕು ಕಣ್ಣಿಗೆ ಬಿದ್ದರೆ ಬೇಕಾದದ್ದು ಕಾಣಿಸದು. ಬಾಹ್ಯಾಕಾಶದ ದೂರದರ್ಶಕಕ್ಕೂ ಇದೇ ನಿಯಮ.

ಈ ಮಾತನ್ನು ಹಾಸನದಲ್ಲಿ ಹೇಳುವುದಕ್ಕೆ ವಿಶೇಷ ಕಾರಣವಿದೆ. ಹೊಳೆನರಸೀಪುರದಿಂದ ಮೂವತ್ತು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ, ಹಾಸನದ ಸಾಲಗಾಮೆ ರಸ್ತೆಯಲ್ಲಿ, ಇಸ್ರೊದ ಪ್ರಧಾನ ನಿಯಂತ್ರಣ ಕೇಂದ್ರವಿದೆ. 1982ರಲ್ಲಿ ಆರಂಭವಾದ ಈ ಕೇಂದ್ರ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ನಮ್ಮ ಸಂಪರ್ಕ ಮತ್ತು ಹವಾಮಾನ ಉಪಗ್ರಹಗಳ ಆರೋಗ್ಯವನ್ನು ಹಗಲಿರುಳೂ ಗಮನಿಸುತ್ತದೆ. ಅಲ್ಲಿಗೆ ಬರುವ ಮಾಹಿತಿಯಲ್ಲಿ ಉಪಗ್ರಹದ ಬೇರೆಬೇರೆ ಭಾಗಗಳ ಉಷ್ಣತೆಯೂ ಒಂದು. ಬಾಹ್ಯಾಕಾಶದಲ್ಲಿ ಗಾಳಿಯಿಲ್ಲ, ಬಿಸಿಯಾದ ಪೆಟ್ಟಿಗೆಯನ್ನು ಬೀಸಿ ತಣಿಸುವಂತಿಲ್ಲ. ಎಲೆಕ್ಟ್ರಾನಿಕ್ ಪೆಟ್ಟಿಗೆ ತನ್ನ ಶಾಖವನ್ನು ತಾನು ಕುಳಿತಿರುವ ಲೋಹಕ್ಕೆ ದಾಟಿಸಬೇಕು, ಇಲ್ಲವೇ ಅವಕೆಂಪು ಕಿರಣವಾಗಿ ಸುತ್ತಲೂ ಸೂಸಬೇಕು. ಚೆನ್ನಾಗಿ ಹೀರುವುದು ಚೆನ್ನಾಗಿ ಸೂಸಲೂ ಬಲ್ಲದು ಎಂಬುದು ಕಿರ್ಖಾಫ್‌ನ ನಿಯಮ. ಆದ್ದರಿಂದ ಉಪಗ್ರಹದ ಒಳಗಿನ ಪೆಟ್ಟಿಗೆಗಳು, ಒಳಗೋಡೆಗಳು ಸಾಮಾನ್ಯವಾಗಿ ಕಪ್ಪು. ಆದರೆ ಶಾಖವನ್ನು ಹೊರಚೆಲ್ಲುವ ಹೊರಮೈ ಫಲಕಗಳಿಗೆ ಕಪ್ಪು ಸಲ್ಲದು, ಅವು ಬಿಸಿಲನ್ನೂ ಹೀರಿಬಿಡುತ್ತವೆ. ಅಲ್ಲಿ ಕನ್ನಡಿಯಂಥ ಹೊದಿಕೆ ಬೇಕು. ಒಂದೇ ಉಪಗ್ರಹದಲ್ಲಿ ಒಳಗೆ ಕಪ್ಪು, ಹೊರಗೆ ಕನ್ನಡಿ. ಎರಡೂ ತಮ್ಮ ಸ್ಥಾನದಲ್ಲಿದ್ದರೆ ಹಾಸನದ ಪರದೆಗಳ ಮೇಲಿನ ಅಂಕಿಗಳು ಮಿತಿಯೊಳಗಿರುತ್ತವೆ.

ಈ ವಿದ್ಯೆ ನಮಗೆ ಹೊಸದಲ್ಲ. ಉಡುಪಿ ಜಿಲ್ಲೆಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್‌ಗಳಲ್ಲಿ ತಯಾರಾಗಿ 1975ರ ಏಪ್ರಿಲ್ 19ರಂದು ಹಾರಿದ ‘ಆರ್ಯಭಟ’ದಿಂದಲೇ ಉಷ್ಣತೆಯ ಹದ ಕಾಯುವ ಲೇಪನಗಳ ಪಾಠ ಆರಂಭವಾಯಿತು. ಬೆಂಗಳೂರಿನ ಉಪಗ್ರಹ ಕೇಂದ್ರದ ರಸಾಯನತಜ್ಞರು ಮುಂದೆ ಅಲ್ಯೂಮಿನಿಯಮ್ಮಿಗೆ ಕಪ್ಪು ಆನೊಡೈಸಿಂಗ್ ಮಾಡುವ ವಿಧಾನಗಳನ್ನು ರೂಢಿಸಿ, ಸಂಶೋಧನಾ ಪತ್ರಿಕೆಗಳಲ್ಲಿ ಪ್ರಕಟಿಸಿದರು. ಲೋಹವನ್ನು ಆಮ್ಲದಲ್ಲಿ ಅದ್ದಿ ವಿದ್ಯುತ್ ಹರಿಸಿದಾಗ ಅದರ ಮೇಲೆ ಸೂಕ್ಷ್ಮ ರಂಧ್ರಗಳಿಂದ ತುಂಬಿದ ಆಕ್ಸೈಡ್ ಪದರ ಬೆಳೆಯುತ್ತದೆ. ಆ ರಂಧ್ರಗಳಲ್ಲಿ ಕಪ್ಪು ಸಂಯುಕ್ತವನ್ನು ಕೂರಿಸಿ ಬಾಯಿ ಮುಚ್ಚುತ್ತಾರೆ. ಮಾರುಕಟ್ಟೆಯ ಸಾವಯವ ಬಣ್ಣಗಳು ನೇರಳಾತೀತ ಕಿರಣಕ್ಕೆ ಕಳೆಗುಂದುವ ಕಾರಣ ಲೋಹಗಳ ಅಜೈವಿಕ ಸಂಯುಕ್ತಗಳನ್ನೇ ಆರಿಸಬೇಕಾಗುತ್ತದೆ. ಉಡಾವಣೆಯ ನಡುಕಕ್ಕೆ ಉದುರಬಾರದು. ನಿರ್ವಾತದಲ್ಲಿ ಆವಿ ಬಿಡಬಾರದು, ಬಿಟ್ಟರೆ ಅದು ಮಸೂರದ ಮೇಲೆ ಕೂತು ಮಂಜು ಕವಿಸುತ್ತದೆ. ಬಿಸಿಲು-ನೆರಳಿನ ನೂರಾರು ಡಿಗ್ರಿಗಳ ಏರಿಳಿತಕ್ಕೆ ಬಿರುಕು ಬಿಡಬಾರದು. ಈ ಪರೀಕ್ಷೆಗಳಲ್ಲಿ ಗೆಲ್ಲುವ ಶೇ 95ರ ಕಪ್ಪು, ಬೆರಳು ತಾಕಿದರೆ ಹಾಳಾಗುವ ಶೇ 99.9ರ ಕಪ್ಪಿಗಿಂತ ಎಷ್ಟೋ ಮೇಲು. ಮೊದಲ ವಾಂಟಾಬ್ಲ್ಯಾಕನ್ನು ಬೆಳೆಸಲು 400 ಡಿಗ್ರಿಗೂ ಹೆಚ್ಚು ಕಾವು ಬೇಕಿತ್ತು. ಕೈತಾಕಿದರೆ ಅದರ ಕೊಳವೆಗಳು ಬಾಗಿ ಕಪ್ಪು ಕೆಡುತ್ತಿತ್ತು.

ಹಾಗಾದರೆ ಅತಿಕಪ್ಪು ಬೇಕಾಗುವುದು ಎಲ್ಲಿ? ಅತಿ ಮಂದವಾದದ್ದನ್ನು ಅತಿ ಪ್ರಖರವಾದದ್ದರ ಪಕ್ಕದಲ್ಲೇ ನೋಡಬೇಕಾದಲ್ಲಿ. ಸೂರ್ಯನ ಹೊರವಲಯವಾದ ಕರೋನಾ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಕಾಂತಿ ಸೂರ್ಯಬಿಂಬದ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು. 1980ರ ಫೆಬ್ರುವರಿ 16ರ ಪೂರ್ಣ ಸೂರ್ಯಗ್ರಹಣದಲ್ಲಿ ಭಾರತೀಯ ಖಭೌತ ಸಂಸ್ಥೆಯವರು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬಿಡಾರ ಹೂಡಿದ್ದು ಈ ಕರೋನಾದ ಅಧ್ಯಯನಕ್ಕೆ. ಸಿಕ್ಕ ಸಮಯ ಮೂರು ನಿಮಿಷಕ್ಕೂ ಕಡಿಮೆ. ಅದೇ ಸಂಸ್ಥೆ ಬೆಂಗಳೂರಿನ ಸಮೀಪದ ಹೊಸಕೋಟೆ ಕೇಂದ್ರದಲ್ಲಿ ಕಟ್ಟಿದ ಉಪಕರಣ 2023ರ ಸೆಪ್ಟೆಂಬರ್ 2ರಂದು ಆದಿತ್ಯ ಎಲ್-1 ನೌಕೆಯಲ್ಲಿ ಹೊರಟು, 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ಕಕ್ಷೆಯನ್ನು ಸೇರಿತು. ಅದು ಗ್ರಹಣಕ್ಕಾಗಿ ಕಾಯುವುದಿಲ್ಲ. ಸೂರ್ಯಬಿಂಬದ ಬೆಳಕನ್ನು ಕನ್ನಡಿಯೊಂದರ ನಡುವಿನ ರಂಧ್ರದ ಮೂಲಕ ಆಚೆಗೆ ಸಾಗಹಾಕಿ, ಸುತ್ತಲಿನ ಮಂದಪ್ರಭೆಯನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಸಾಗಹಾಕಿದ ಬೆಳಕಿನ ಒಂದು ಎಳೆ ಗೋಡೆಗೆ ಬಡಿದು ಹಿಂತಿರುಗಿದರೂ, ಕನ್ನಡಿಯ ಮೇಲಿನ ಒಂದು ಧೂಳಿನ ಕಣ ಅದನ್ನು ಚದುರಿಸಿದರೂ ಕರೋನಾ ಮುಳುಗಿಹೋಗುತ್ತದೆ. ಇಂಥ ಉಪಕರಣಗಳಲ್ಲಿ ಕನ್ನಡಿಗಳ ನುಣುಪು, ಕೊಠಡಿಯ ಶುಚಿ, ಒಳಭಾಗಗಳ ಕಪ್ಪು ಮೂರೂ ಸಮಾನವಾಗಿ ಮುಖ್ಯ. ಅಮೆರಿಕದ ನಾಸಾ ಸಂಸ್ಥೆಯ ಗೊಡಾರ್ಡ್ ಕೇಂದ್ರದವರು 2011ರಲ್ಲಿ ನ್ಯಾನೊ ಕೊಳವೆಗಳ ಲೇಪನವನ್ನು ಪ್ರಕಟಿಸಿದಾಗ ಹೇಳಿದ ಮುಖ್ಯ ಉದ್ದೇಶವೂ ಚದುರಿದ ಬೆಳಕನ್ನು ಅಡಗಿಸುವುದೇ ಆಗಿತ್ತು.

ಇಷ್ಟೆಲ್ಲ ದೂರದ ಮಾತು ಎನಿಸಿದರೆ ಓದುಗರು ತಮ್ಮ ಮನೆಯ ತಾರಸಿ ಹತ್ತಬಹುದು. 2007ರ ಸರ್ಕಾರಿ ಆದೇಶ ಹಲವು ಬಗೆಯ ಕಟ್ಟಡಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿದ ಮೇಲೆ ಕರ್ನಾಟಕದ ಊರುಗಳ ತಾರಸಿಗಳಲ್ಲಿ ಅವು ಸಾಮಾನ್ಯ ನೋಟವಾಗಿವೆ. ಅದರ ಜೀವಾಳ ಒಂದು ಕಪ್ಪು ಲೇಪನ. ಇಲ್ಲಿ ಅತಿಕಪ್ಪಿಗೆ ಕೆಲಸವಿಲ್ಲ ಎಂಬುದು ಸ್ವಾರಸ್ಯ. ಸಾಧಾರಣ ಕಪ್ಪು ಪೇಂಟು ಬಿಸಿಲನ್ನು ಚೆನ್ನಾಗಿಯೇ ಹೀರುತ್ತದೆ, ಆದರೆ ಬಿಸಿಯಾದೊಡನೆ ಆ ಶಾಖವನ್ನು ಅವಕೆಂಪು ಕಿರಣವಾಗಿ ಸೂಸಿಬಿಡುತ್ತದೆ. ನ್ಯಾನೊ ಕೊಳವೆಯ ಕಪ್ಪೂ ಅಷ್ಟೇ. ನೀರು ಕಾಯಬೇಕಾದರೆ ಬಿಸಿಲಿಗೆ ಕಪ್ಪಾಗಿ, ಶಾಖಕ್ಕೆ ಕನ್ನಡಿಯಾಗಿ ವರ್ತಿಸುವ ಲೇಪನ ಬೇಕು: ಬರುವುದನ್ನೆಲ್ಲ ಬರಮಾಡಿಕೊಂಡು ಹೊರಹೋಗಲು ಬಿಡದ ಜಿಪುಣ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಹರೀಶ್ ಬರ್ಶಿಲಿಯಾ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಲೇಪನ ಈ ಜಾತಿಯದು. ಟೈಟೇನಿಯಂ-ಅಲ್ಯೂಮಿನಿಯಂ ನೈಟ್ರೈಡ್ ಮುಂತಾದ ಮೂರು ತೆಳುಪದರಗಳ ಆ ಲೇಪನ ಬಿಸಿಲಿನ ಶೇ 95ರಷ್ಟನ್ನು ಹೀರಿ, ಶಾಖವಾಗಿ ಹೊರಸೂಸುವುದು ಶೇ 10ಕ್ಕೂ ಕಡಿಮೆ. ಹೀಟರ್ ಕೊಳ್ಳುವಾಗ ನಾವು ತೊಟ್ಟಿ ಎಷ್ಟು ಲೀಟರ್ ಹಿಡಿಯುತ್ತದೆ, ಎಷ್ಟು ವರ್ಷ ಗ್ಯಾರಂಟಿ ಎಂದು ಕೇಳುತ್ತೇವೆ. ಲೇಪನ ಬಿಸಿಲನ್ನು ಶೇಕಡಾ ಎಷ್ಟು ಹೀರುತ್ತದೆ, ಶೇಕಡಾ ಎಷ್ಟು ಸೂಸುತ್ತದೆ ಎಂಬ ಎರಡು ಅಂಕಿಗಳನ್ನು ಕೇಳುವವರು ಅಪರೂಪ. ಮೋಡದ ದಿನ ಬಿಸಿನೀರು ಸಿಗುವುದೂ ಸಿಗದಿರುವುದೂ ಬಹುಮಟ್ಟಿಗೆ ಇವುಗಳ ಮೇಲೆ ನಿಂತಿದೆ.

ತಪ್ಪು ಕಡೆ ಬಳಿದ ಕಪ್ಪಿಗೂ ಉದಾಹರಣೆಯಿದೆ. ಸ್ಟಾರ್‌ಲಿಂಕ್ ಉಪಗ್ರಹಗಳ ಹೊಳಪು ರಾತ್ರಿಯಾಕಾಶದ ಅಧ್ಯಯನವನ್ನು ಕೆಡಿಸುತ್ತಿದೆ ಎಂದು ಖಗೋಳ ವಿಜ್ಞಾನಿಗಳು ದೂರಿದಾಗ ಕಂಪನಿ 2020ರ ಜನವರಿಯಲ್ಲಿ ಕಪ್ಪು ಲೇಪನ ಕೊಟ್ಟ ಒಂದು ಉಪಗ್ರಹವನ್ನು ಹಾರಿಸಿ ನೋಡಿತು. ಹೊಳಪು ಸುಮಾರು ಅರ್ಧಕ್ಕಿಳಿಯಿತು. ಆದರೆ ಕಪ್ಪಾದ ಭಾಗಗಳು ಬಿಸಿಯೇರಿದವು. ಕಣ್ಣಿಗೆ ಕಡಿಮೆ ಕಂಡದ್ದು ಅವಕೆಂಪಿನಲ್ಲಿ ಬೆಳಗುವ ತೊಂದರೆ ಉಳಿಯಿತು. ಕೊನೆಗೆ ಕಂಪನಿ ಬಿಸಿಲುಮರೆಯ ಉಪಾಯಕ್ಕೆ ಹೊರಳಿತು. ಹೀರಿದ ಬೆಳಕು ಎಲ್ಲಿಗೂ ಹೋಗುವುದಿಲ್ಲ, ಶಾಖವಾಗಿ ಅಲ್ಲೇ ಕೂರುತ್ತದೆ ಎಂಬ ಲೆಕ್ಕವನ್ನು ಯಾವ ಬಣ್ಣವೂ ತಪ್ಪಿಸಲಾರದು.

ಇನ್ನು ಒಡೆತನದ ಮಾತು. 2016ರಲ್ಲಿ ವಾಂಟಾಬ್ಲ್ಯಾಕನ್ನು ಕಲೆಗೆ ಬಳಸುವ ಹಕ್ಕನ್ನು ಅದರ ಕಂಪನಿ ಅನೀಶ್ ಕಪೂರ್ ಒಬ್ಬರಿಗೇ ಕೊಟ್ಟಾಗ ಕಲಾವಿದರು ಸಿಟ್ಟಾದರು. ಬಣ್ಣವೊಂದಕ್ಕೆ ಒಬ್ಬನೇ ಯಜಮಾನನೇ ಎಂಬ ಅವರ ಪ್ರಶ್ನೆ ನ್ಯಾಯವಾದದ್ದು. ಆದರೆ ನಮ್ಮಂಥ ದೇಶಕ್ಕೆ ಹೆಚ್ಚು ತಟ್ಟಬೇಕಾದ ಸಂಗತಿ ಬೇರೆ: ಅದೇ ಲೇಪನ ಬ್ರಿಟನ್ನಿನ ರಫ್ತು ನಿಯಂತ್ರಣಕ್ಕೂ ಒಳಪಟ್ಟಿತ್ತು. ಉಪಗ್ರಹದ ಕಣ್ಣಿಗೆ ಬೇಕಾದ ಕಪ್ಪನ್ನು ಅಂಗಡಿಯಿಂದ ತಂದ ಡಬ್ಬಿಯೆಂದು ಭಾವಿಸುವಂತಿಲ್ಲ. ಕೊಡುವವರು ಯಾವಾಗ ಬೇಕಾದರೂ ಬೇಡವೆನ್ನಬಹುದು. ಪೀಣ್ಯ, ಹೊಸಕೋಟೆಗಳಲ್ಲಿ ನಮ್ಮವರು ಆಮ್ಲದ ತೊಟ್ಟಿಗಳ ಮುಂದೆ, ಶುಚಿಕೊಠಡಿಗಳ ಒಳಗೆ ಕಳೆದ ವರ್ಷಗಳ ಬೆಲೆ ಇಲ್ಲಿ ತಿಳಿಯುತ್ತದೆ. ರಾಕೆಟ್ ಹಾರಿದ ದಿನ ನಾವು ಟಿ.ವಿ. ಮುಂದೆ ಚಪ್ಪಾಳೆ ತಟ್ಟುತ್ತೇವೆ. ಲೇಪನ ಉದುರದೆ ಉಳಿದದ್ದಕ್ಕೆ ಚಪ್ಪಾಳೆ ತಟ್ಟುವ ದಿನವೊಂದು ಪಂಚಾಂಗದಲ್ಲಿಲ್ಲ.

ನಮ್ಮ ಜಿಲ್ಲೆಯ ಮಕ್ಕಳಿಗೆ ಈ ವಿಜ್ಞಾನವನ್ನು ದೂರದಿಂದ ತೋರಿಸುವ ಅಗತ್ಯವಿಲ್ಲ. ಒಂದೇ ಅಳತೆಯ ಮೂರು ಡಬ್ಬಿಗಳು ಸಾಕು: ಒಂದಕ್ಕೆ ಹೊಳೆಯುವ ಕಪ್ಪು ಪೇಂಟು, ಇನ್ನೊಂದಕ್ಕೆ ದೀಪದ ಕುಡಿಯಿಂದ ಹಿಡಿದ ಕಾಡಿಗೆ, ಮೂರನೆಯದನ್ನು ಹಾಗೆಯೇ ಬಿಟ್ಟು, ನೀರು ತುಂಬಿ ಬಿಸಿಲಿಗಿಟ್ಟು ಗಂಟೆಗೊಮ್ಮೆ ಉಷ್ಣತೆ ಬರೆದುಕೊಳ್ಳಲಿ. ಸೂರ್ಯ ಮುಳುಗಿದ ಮೇಲೂ ಎರಡು ಗಂಟೆ ಅಳೆಯಲಿ. ಬೇಗ ಕಾದದ್ದು ಯಾವುದು, ಬೇಗ ತಣಿದದ್ದು ಯಾವುದು ಎಂಬ ಪಟ್ಟಿಯಲ್ಲಿ ಕಿರ್ಖಾಫ್ ತಾನಾಗಿ ಕಾಣಿಸಿಕೊಳ್ಳುತ್ತಾನೆ. ಸಾಲಗಾಮೆ ರಸ್ತೆಯಲ್ಲಿ ಇಸ್ರೊ ಕೇಂದ್ರವೂ ಇದೆ, 1960ರಲ್ಲಿ ಸ್ಥಾಪನೆಯಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜೂ ಇದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಪ್ರೌಢಶಾಲೆಗಳ ಮಕ್ಕಳು ಇಂಥ ಪಟ್ಟಿಗಳನ್ನು ಹಿಡಿದು ವರ್ಷಕ್ಕೊಮ್ಮೆ ಆ ರಸ್ತೆಗೆ ಬರುವಂತಾದರೆ, ಅವರ ಪ್ರಶ್ನೆಗಳಿಗೆ ಉತ್ತರಿಸಬಲ್ಲವರು ಅಲ್ಲಿದ್ದಾರೆ. ಇದಕ್ಕೆ ಬೇಕಾದ ಖರ್ಚು ಬಸ್ಸಿನ ಬಾಡಿಗೆ, ಮೂರು ಡಬ್ಬಿ ಮತ್ತು ಒಂದು ಉಷ್ಣಮಾಪಕ.